ಖಾಲಿ ಕುಂಡಗಳ ಲೆಕ್ಕ

2014ರ ಅಕ್ಟೋಬರ್‌ನಲ್ಲಿ ನಾನು ದುಬೈಯ ಒಂದು ಲ್ಯಾಂಡ್‌ಸ್ಕೇಪಿಂಗ್ ಕಂಪನಿಯಲ್ಲಿ ಹಾರ್ಟಿಕಲ್ಚರ್ ಸೂಪರ್‌ವೈಸರ್ ಆಗಿದ್ದೆ. ಕಚೇರಿ ಮತ್ತು ಗಾಡಿ, ಕುಂಡ, ಸಾಮಾನು ಇಡುವ ಯಾರ್ಡ್ ನಗರದ ಅಲ್ ಕೂಜ್‌ನಲ್ಲಿದ್ದವು. ಕೆಲಸಕ್ಕೆ ಸೇರಿ ಹದಿನಾಲ್ಕು ತಿಂಗಳಾಗಿತ್ತು, ನನಗೆ ಇಪ್ಪತ್ತಾರು ವರ್ಷ. ತೋಟಗಾರಿಕೆಯಲ್ಲಿ ಪದವಿ ಪಡೆದಿದ್ದೆ. ದಿನವೂ ಡೈರಿ ಬರೆಯುವ ಅಭ್ಯಾಸ ಶಾಲೆಯಿಂದಲೇ ಇತ್ತು. ಎಷ್ಟು ಜನ ಕೆಲಸಕ್ಕೆ ಬಂದರು, ಎಷ್ಟು ಗಿಡ ನೆಟ್ಟರು, ಗೇಟಿನೊಳಗೆ ಯಾವ ಗಾಡಿ ಎಷ್ಟು ಹೊತ್ತಿಗೆ ಬಂತು, ಎಲ್ಲವೂ ಅದರಲ್ಲಿ ಇರುತ್ತಿದ್ದವು. ಈ ಬರಹವನ್ನು ಆ ಡೈರಿಯ ಪುಟಗಳನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಕೆಲವು ಪುಟಗಳನ್ನು ಇವತ್ತು ಓದಿದರೂ ಮನಸ್ಸು ಹೇಸುತ್ತದೆ.

ಊರಿನಲ್ಲಿ ಗಿಡ ನೆಡುವುದು ಮಳೆ ಹಿಡಿದ ಮೇಲೆ. ಎಮಿರೇಟ್ಸ್‌ನಲ್ಲಿ ಮಳೆಯನ್ನು ನಂಬಿ ಯಾರೂ ಗುಂಡಿ ತೋಡುವುದಿಲ್ಲ. ಬೇಸಿಗೆಯ ಉರಿ ಇಳಿದು, ಬೆಳಗಿನ ಗಾಳಿ ಸ್ವಲ್ಪ ತಂಪಾಗುವ ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆಯವರೆಗೆ ಅಲ್ಲಿನ ನಾಟಿ ಕಾಲ. ಆಗ ನೆಟ್ಟ ಗಿಡಕ್ಕೆ ಬೇರು ಬಿಡಲು ಐದಾರು ತಿಂಗಳ ತಂಪು ಸಿಗುತ್ತದೆ. ಆ ಅವಧಿಯಲ್ಲಿ ಬೇರು ಕುಂಡದ ಮಣ್ಣಿನಿಂದ ಹೊರಗೆ ಹೋಗಿ ನೆಲವನ್ನು ಹಿಡಿಯದಿದ್ದರೆ ಮುಂದಿನ ಜೂನ್ ಅದನ್ನು ಸುಟ್ಟುಹಾಕುತ್ತದೆ. ನಮ್ಮ ವೃತ್ತಿಯ ಮುಖ್ಯ ಪಾಠ ಇಷ್ಟೇ.

ನಮಗೆ ಸಿಕ್ಕ ಕೆಲಸ ಅಲ್ ಐನ್ ರಸ್ತೆಯ ಬದಿಯಲ್ಲಿ ಹೊಸದಾಗಿ ಕಟ್ಟಿದ ಒಂದು ವಿಲ್ಲಾ ಬಡಾವಣೆಯ ತೋಟ. 126 ಮರಗಳು, ಅವುಗಳ ಕೆಳಗೆ ಲಂಟಾನ, ರುವೆಲಿಯಾ, ಕಾಗದದ ಹೂವಿನಂಥ ಬಹುವಾರ್ಷಿಕ ಗಿಡಗಳು 3,400. ಮರಗಳಲ್ಲಿ 84 ಗಾಫ್, 42 ಕಹಿಬೇವು. ಗಾಫ್ ಅಂದರೆ ನಮ್ಮ ಬನ್ನಿ ಮರವೇ. ಅದರ ತಾಯಿಬೇರು ನೀರು ಹುಡುಕಿಕೊಂಡು ಎಷ್ಟು ಆಳಕ್ಕೆ ಬೇಕಾದರೂ ಇಳಿಯುತ್ತದೆ. ಅದಕ್ಕಾಗಿಯೇ ಆ ಮರಳುನಾಡಿನಲ್ಲಿ ಅದಕ್ಕೆ ಅಷ್ಟು ಗೌರವ.

ಅಕ್ಟೋಬರ್ 14ರಂದು ಮರ ಆರಿಸಲು ಅಲ್ ಐನ್ ಕಡೆಯ ಒಂದು ನರ್ಸರಿಗೆ ಹೋದೆವು. ನನ್ನ ಜೊತೆ ನಮ್ಮ ಫೋರ್‌ಮನ್ ಸುಂದರಣ್ಣ ಇದ್ದರು. ಉಡುಪಿ ಕಡೆಯವರು, ಐವತ್ತೆರಡು ವರ್ಷ, ಅದರಲ್ಲಿ ಇಪ್ಪತ್ತೊಂದು ವರ್ಷ ಗಲ್ಫಿನ ಮಣ್ಣಿನಲ್ಲೇ ಕಳೆದವರು. ನಾನು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹುಡುಗಿ ಎಂದು ತಿಳಿದ ದಿನದಿಂದ ಊರಿನ ರೂಢಿಯಂತೆ ನನ್ನನ್ನು 'ಬಾಯಮ್ಮ' ಎಂದೇ ಕರೆಯುತ್ತಿದ್ದರು. ನಾನು ಟೇಪು ಹಿಡಿದು ಕಾಂಡದ ಸುತ್ತಳತೆ ಬರೆದುಕೊಳ್ಳುತ್ತಿದ್ದರೆ ಅವರು ಕುಂಡದ ತಳಕ್ಕೆ ಕೈ ಹಾಕಿ ನೋಡುತ್ತಿದ್ದರು.

"ಬಾಯಮ್ಮ, ನೀವು ಮದುಮಗಳ ಎತ್ತರ ನೋಡುದು, ನಾನು ಕಾಲು ನೋಡುದು" ಎಂದು ನಕ್ಕರು. "ಬೇರು ಹಗ್ಗದ ಹಾಗೆ ಸುತ್ತಿಕೊಂಡಿದ್ರೆ ಅದು ಮತ್ತೆ ಸುತ್ತುದು ಬಿಡ್ಲಿಕ್ಕಿಲ್ಲ. ತನ್ನ ಕುತ್ತಿಗೆಗೆ ತಾನೇ ನೇಣು ಹಾಕಿಕೊಳ್ತದೆ."

ನಾಟಿಯ ಮೊದಲ ನಾಲ್ಕು ದಿನ, ಅಂದರೆ ಅಕ್ಟೋಬರ್ 26ರಿಂದ 29ರವರೆಗೆ, ನಾನು ಗುಂಡಿಯ ಬಾಯಲ್ಲೇ ಇದ್ದೆ. ನೋಡಲು ಚೆಂದದ ಕೆಲಸ. ಪ್ಲಾಸ್ಟಿಕ್ ಕುಂಡವನ್ನು ಎರಡು ಬದಿಯಲ್ಲಿ ಚಾಕುವಿನಿಂದ ಸೀಳಿ ಬಿಡಿಸುವುದು, ಸುತ್ತಿಕೊಂಡ ಬೇರುಗಳನ್ನು ಬೆರಳಿನಿಂದ ಬಿಡಿಸುವುದು, ದಪ್ಪಗಿನವನ್ನು ಕತ್ತರಿಸುವುದು, ನಾಲ್ವರು ಸೇರಿ ಗುಂಡಿಗೆ ಇಳಿಸುವುದು, ಮಣ್ಣು ತುಂಬುವುದು, ಊರುಗೋಲು ಕಟ್ಟುವುದು. ಆರು ಜನರ ತಂಡ ದಿನಕ್ಕೆ ಏಳೆಂಟು ಮರ ನೆಡುತ್ತಿತ್ತು. ನಾಲ್ಕು ದಿನಕ್ಕೆ 7, 8, 7, 8, ಒಟ್ಟು 30.

30ರ ಗುರುವಾರ ತಂಡವನ್ನು ಡ್ರಿಪ್ ಪೈಪ್ ಕೆಲಸಕ್ಕೆ ಹಾಕಿದ್ದೆವು. ಅದೇ ದಿನ ನಮ್ಮ ಆಪರೇಷನ್ಸ್ ಮ್ಯಾನೇಜರ್ ಪ್ರಭಾಕರ್ ಸೈಟಿಗೆ ಬಂದರು. ಅವರೂ ಕರಾವಳಿಯವರು. ಹಬ್ಬಕ್ಕೆ ಮನೆಗೆ ಕರೆದು ಊಟ ಹಾಕುವವರು, ಸಂಬಳ ತಡವಾದರೆ 'ನಾನು ನೋಡ್ತೇನೆ' ಎಂದು ಹೆಗಲು ತಟ್ಟುವವರು. ಹ್ಯಾಂಡ್‌ಓವರ್ ಇನ್‌ಸ್ಪೆಕ್ಷನ್, ಅಂದರೆ ತೋಟವನ್ನು ಮಾಲೀಕರಿಗೆ ಒಪ್ಪಿಸುವ ಮುನ್ನ ನಡೆಯುವ ತಪಾಸಣೆ, ನವೆಂಬರ್ 24ಕ್ಕೆ ನಿಗದಿಯಾಗಿತ್ತು. ನೆಟ್ಟ ಮೂವತ್ತು ಮರಗಳನ್ನು ನೋಡಿ ಅವರ ಮುಖ ಕೆಟ್ಟಿತು. ಬೇರು ಬಿಡಿಸಿ ನೆಟ್ಟ ಮರ ಮೊದಲ ಒಂದೆರಡು ತಿಂಗಳು ಎಲೆ ಉದುರಿಸಿ ಬಾಡಿದಂತೆ ಕಾಣುತ್ತದೆ. ಅದು ಸಹಜ, ಆಮೇಲೆ ಚಿಗುರುತ್ತದೆ.

"ಇದೆಂತ ಲವೀನಾ, ಆಸ್ಪತ್ರೆಯಿಂದ ಎಬ್ಬಿಸಿ ತಂದ ಹಾಗೆ ಉಂಟಲ್ಲ?" ಎಂದರು. ನಾನು ವಿವರಿಸಿದೆ. ಕೇಳಿ ತಲೆಯಾಡಿಸಿ, "ನೀನು ಇನ್ನು ಹೂವಿನ ಕಡೆ ನೋಡು. ಮಡಿಗಳ ಡಿಸೈನ್ ನಿನ್ನಷ್ಟು ನೀಟಾಗಿ ಯಾರೂ ಮಾಡ್ಲಿಕ್ಕಿಲ್ಲ. ಮರ ಸುಂದರ ನೋಡಿಕೊಳ್ತಾನೆ" ಎಂದರು. ನನಗೆ ಹೆಮ್ಮೆಯಾಯಿತು. ಆಮೇಲೆ ಅವರು ಸುಂದರಣ್ಣನನ್ನು ಕಾರಿನ ಹತ್ತಿರ ಕರೆದುಕೊಂಡು ಹೋಗಿ ಹತ್ತು ನಿಮಿಷ ಮಾತಾಡಿದ್ದು ಕಂಡಿತು. ಏನೆಂದು ಕೇಳಲಿಲ್ಲ.

ನವೆಂಬರ್ 1ರಿಂದ ನಾನು ಬಡಾವಣೆಯ ಇನ್ನೊಂದು ತುದಿಯಲ್ಲಿ ಹೂವಿನ ಮಡಿಗಳಲ್ಲಿದ್ದೆ. ಆದರೆ ನಾಟಿಯ ರಿಜಿಸ್ಟರಿಗೆ ಸಹಿ ನನ್ನದೇ. ಅದರಲ್ಲಿ ಪ್ರತಿ ಮರದ ಸಂಖ್ಯೆಯ ಮುಂದೆ 'ಕುಂಡ ತೆಗೆದಿದೆ' ಎಂಬ ಒಂದು ಕಾಲಂ. ಉಳಿದ 96 ಗುಂಡಿಗಳ ಬಳಿ ನಡೆದು ಹೋಗಿ ನೋಡುವುದು ಯಾಕೆಂದು 30ರಂದೇ ನಾನೊಂದು ಉಪಾಯ ಮಾಡಿಕೊಂಡಿದ್ದೆ. ದಿನವೂ ಸಂಜೆ ನಾಲ್ಕಕ್ಕೆ ಖಾಲಿ ಕುಂಡಗಳನ್ನು ನನ್ನ ಮಡಿಗಳ ಹತ್ತಿರ ರಾಶಿ ಹಾಕಲು ಪ್ರಭಾಕರ್ ಎದುರಿನಲ್ಲೇ ಸುಂದರಣ್ಣನಿಗೆ ಹೇಳಿದ್ದೆ. ರಾಶಿಯಲ್ಲಿ ಎಷ್ಟು ಕುಂಡವೋ ಅಷ್ಟು ಮರ ಸರಿಯಾಗಿ ನೆಟ್ಟಂತೆ. ಈ ಪದ್ಧತಿಯ ಬಗ್ಗೆ ಡೈರಿಯಲ್ಲಿ ಎರಡು ಸಾಲು ಹೊಗಳಿಕೆಯೂ ಇದೆ.

ಮೊದಲ ದಿನ ಕುಂಡ 32. ಎರಡನೆಯ ದಿನ 32. ಮೂರನೆಯ ದಿನ 32. ಒಟ್ಟು 126 ಮುಗಿಯಿತು. ನವೆಂಬರ್ 1ರ ಪುಟದಲ್ಲಿ ನಾನು ಬರೆದದ್ದನ್ನು ಇಲ್ಲಿ ಹಾಗೇ ಕೊಡುತ್ತೇನೆ: 'ಬೆಳಿಗ್ಗೆ 7.20, ಯಾರ್ಡಿನಿಂದ ಪಿಕಪ್ ಬಂತು, ಟಾರ್ಪಲ್ ಹೊದಿಸಿತ್ತು. ಮರ 32, ಕುಂಡ 32. ಕುಂಡಗಳ ಬಣ್ಣ ಮಾಸಿದೆ, ಕೆಲವುಗಳಲ್ಲಿ ಒಣ ಮುಳ್ಳಿನ ಕಡ್ಡಿ. ತಂಡ ಕೆಲಸಕ್ಕೆ ಚೆನ್ನಾಗಿ ಒಗ್ಗಿದೆ, ವೇಗ ನಾಲ್ಕು ಪಟ್ಟು. ಬಹಳ ಸಂತೋಷ.'

ಇನ್‌ಸ್ಪೆಕ್ಷನ್ ದಿನ ತೋಟ ಚಿತ್ರದಂತಿತ್ತು. ಮಾಲೀಕರ ಕಡೆಯ ಇಂಜಿನಿಯರ್ ಮರ್ವಾನ್ ಎಂಬ ಜೋರ್ಡಾನಿನವರು. ಕಡಿಮೆ ಮಾತಿನ ಮನುಷ್ಯ. ಸಾಲು ಸಾಲು ಹಸಿರು ನೋಡಿ ಮೆಚ್ಚಿ 'ಮಾಶಾ ಅಲ್ಲಾಹ್' ಎಂದರು. ನಾವು ಮೊದಲು ನೆಟ್ಟ ಮೂವತ್ತು ಮರಗಳ ಮುಂದೆ ಮಾತ್ರ ನಿಂತು, ಇವು ಯಾಕೆ ಸೊರಗಿವೆ, ಇವನ್ನು ಬದಲಾಯಿಸಬೇಕೇ ಎಂದು ಕೇಳಿದರು. ಪ್ರಭಾಕರ್ ತಕ್ಷಣ, "ಬದಲಾಯಿಸುತ್ತೇವೆ ಸರ್" ಎಂದರು. ಸುಂದರಣ್ಣ ಹಿಂದೆ ನೆಲ ನೋಡುತ್ತಾ ನಿಂತಿದ್ದರು. ಬದಲಾಯಿಸುವ ಕೆಲಸವನ್ನು ಆಮೇಲೆ ಯಾರೂ ಮಾಡಲಿಲ್ಲ. ಡಿಸೆಂಬರ್ ಕೊನೆಗೆ ಆ ಮೂವತ್ತೂ ತಾವಾಗಿಯೇ ಚಿಗುರಿದವು.

ಜನವರಿಯಲ್ಲಿ ಉಳಿದವು ಹಳದಿಯಾಗತೊಡಗಿದವು. ನಾನು ಡ್ರಿಪ್ ಒತ್ತಡ ಅಳೆದೆ, ಕಬ್ಬಿಣದ ಅಂಶ ಸಿಂಪಡಿಸಿದೆ, ನೀರು ಕಡಿಮೆ ಮಾಡಿದೆ, ಮತ್ತೆ ಹೆಚ್ಚಿಸಿದೆ. ಡೈರಿಯಲ್ಲಿ ಹನ್ನೊಂದು ಪುಟ ಬರೀ ಇದೇ. ಸುಂದರಣ್ಣನನ್ನು ಕೇಳಿದರೆ, "ನೋಡುವಾ ಬಾಯಮ್ಮ" ಎಂದಷ್ಟೇ ಹೇಳಿ ಸರಿದುಬಿಡುತ್ತಿದ್ದರು.

2015ರ ಫೆಬ್ರವರಿ 17ರ ಬೆಳಿಗ್ಗೆ ಜೋರು ಗಾಳಿ. ಮರ್ವಾನ್ ಸೈಟಿನಲ್ಲಿದ್ದರು, ನಾನೂ ಸುಂದರಣ್ಣನೂ ಅವರ ಜೊತೆ ನಡೆಯುತ್ತಿದ್ದೆವು. ಆಟದ ಮೈದಾನದ ಬದಿಯ ಒಂದು ಬೇವು ಊರುಗೋಲು ಸಮೇತ ವಾಲಿ, ನಮ್ಮ ಕಣ್ಣೆದುರೇ ನಿಧಾನವಾಗಿ ಮಲಗಿತು. ಬಿದ್ದ ಮರದ ಬುಡದಲ್ಲಿ ಬೇರಿನ ಬದಲು ಒಂದು ಕಪ್ಪು ಪ್ಲಾಸ್ಟಿಕ್ ಕುಂಡ ಕಂಡಿತು. ನರ್ಸರಿಯ ಚೀಟಿ ಕೂಡ ಅದರ ಮೇಲೆ ಹಾಗೇ ಇತ್ತು.

ಮರ್ವಾನ್ ಬೂಟಿನ ತುದಿಯಿಂದ ಕುಂಡವನ್ನು ಒಮ್ಮೆ ಒತ್ತಿ ನೋಡಿದರು. "ಯಲ್ಲಾ, ನಡೆಯಿರಿ, ಪಕ್ಕದ್ದು ತೆಗೆಯಿರಿ" ಎಂದರು. ಪಕ್ಕದ್ದು ತೆಗೆದರು, ಕುಂಡ. ಅದರ ಪಕ್ಕದ್ದು ಗಾಫ್, ಅದಕ್ಕೂ ಕುಂಡ. ಅದನ್ನು ಸೀಳಿದಾಗ ಬಂದ ವಾಸನೆ ಇನ್ನೂ ಮೂಗಿನಲ್ಲಿದೆ. ಅಲ್ಲಿ ತೋಟಗಳಿಗೆ ಬಿಡುವುದು ಶುದ್ಧೀಕರಿಸಿದ ಚರಂಡಿ ನೀರು. ಮೂರು ತಿಂಗಳು ಅದು ಕುಂಡದ ತಳದಲ್ಲಿ ನಿಂತು ಕೊಳೆತಿತ್ತು. ಆಳಕ್ಕೆ ಇಳಿಯಬೇಕಾಗಿದ್ದ ತಾಯಿಬೇರು ತಳದಲ್ಲಿ ಮೂರು ಸುತ್ತು ಸುತ್ತಿ, ಕಪ್ಪಾಗಿ, ಲೋಳೆಯಾಗಿತ್ತು. ಮುಟ್ಟಿದರೆ ಸಿಪ್ಪೆ ಬೆರಳಿಗೆ ಅಂಟಿಕೊಂಡು ಬಂತು. ಸೋಪು ಹಾಕಿ ಎಷ್ಟು ತೊಳೆದರೂ ಎರಡು ದಿನ ಆ ಕೈಯಿಂದ ಊಟ ಸೇರಲಿಲ್ಲ.

ಮಾರನೆಯ ದಿನ ಪ್ರಭಾಕರ್ ನನ್ನನ್ನು ಕಚೇರಿಗೆ ಕರೆಸಿದರು. ಮೇಜಿನ ಮೇಲೆ ವರದಿ ಸಿದ್ಧವಾಗಿತ್ತು. 'ಸೂಪರ್‌ವೈಸರ್‌ಗೆ ತಿಳಿಯದಂತೆ ಫೋರ್‌ಮನ್ ನಡೆಸಿದ ಗಂಭೀರ ನಿರ್ಲಕ್ಷ್ಯ' ಎಂದಿತ್ತು. ಕೆಳಗೆ ನನ್ನ ಹೆಸರು ಟೈಪಾಗಿತ್ತು. ಭಾನುವಾರ ಮರ್ವಾನ್ ಜೊತೆ ಮೀಟಿಂಗ್, ಅದಕ್ಕೆ ಮೊದಲು ಸಹಿ ಬೇಕು.

"ಸುಂದರಣ್ಣನಿಗೆ ಏನಾಗ್ತದೆ ಸರ್?"

"ಎಂತ ಆಗುದು? ವೀಸಾ ಕ್ಯಾನ್ಸಲ್, ಖಲಾಸ್. ಐವತ್ತೆರಡು ಆಯ್ತು, ಇನ್ನೆಷ್ಟು ವರ್ಷ ಮಣ್ಣು ಹೊರ್ತಾನೆ?"

ದುರ್ನಡತೆಯ ಕಾರಣ ಹಾಕಿ ಕಳಿಸಿದ ಫೋರ್‌ಮನ್‌ನನ್ನು ಅಲ್ಲಿ ಇನ್ನೊಂದು ಕಂಪನಿ ಸೇರಿಸಿಕೊಳ್ಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಕುಂಡ ಬಿಡ್ಲಿಕ್ಕೆ ಅವರೇ ತೀರ್ಮಾನ ಮಾಡಿದ್ದಾ?"

ಪ್ರಭಾಕರ್ ಚಹಾ ಕಪ್ಪನ್ನು ನನ್ನ ಕಡೆ ಸರಿಸಿದರು. "ನಿನ್ನ ರಿಜಿಸ್ಟರಲ್ಲಿ ಎಲ್ಲದಕ್ಕೂ ಟಿಕ್ ಉಂಟು. ಅಂದ ಮೇಲೆ ನೀನು ಸೇಫ್, ನಾನು ಸೇಫ್. ನಾವು ಊರಿನವರು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ರೆ ಹೇಗೆ?"

"ಸುಂದರಣ್ಣನೂ ಊರಿನವರೇ."

"ಅದಕ್ಕೇ ಹೇಳುದು. ಅವನು ಬೇಜಾರು ಮಾಡ್ಲಿಕ್ಕಿಲ್ಲ" ಎಂದು ನಕ್ಕರು.

ಆ ನಗು ನೋಡಿದಾಗ ಹಿಂದಿನ ದಿನದ ವಾಸನೆ ಮತ್ತೆ ಬಂದಂತಾಯಿತು. ಒಂದು ದಿನ ಸಮಯ ಕೇಳಿ ಎದ್ದೆ.

ಸಂಜೆ ಕಾರ್ಮಿಕರ ಕ್ಯಾಂಪಿಗೆ ಹೋದೆ. ಸುಂದರಣ್ಣ ಹೊರಗೆ ಮೆಟ್ಟಿಲ ಮೇಲೆ ಕೂತು ಬನಿಯನ್ ಹಿಂಡುತ್ತಿದ್ದರು. ಕೇಳಿದ್ದಕ್ಕೆ ಸುತ್ತಿ ಬಳಸದೆ ಹೇಳಿದರು. ಕಾರಿನ ಹತ್ತಿರ ಕರೆದ ದಿನ ಪ್ರಭಾಕರ್ ಹೇಳಿದ್ದು ಇಷ್ಟು: ಮರ ಕುಂಡ ಸಮೇತ ಇಳಿಸು, ಬೇರು ಮುಟ್ಟದಿದ್ದರೆ ಎಲೆ ಉದುರುವುದಿಲ್ಲ, ತಪಾಸಣೆ ದಿನ ಹಸಿರು ಕಾಣಲಿ, ಆಮೇಲೆ ಒಂದೊಂದೇ ತೆಗೆದು ಸರಿ ಮಾಡೋಣ. ಮೇಡಂಗೆ ಲೆಕ್ಕಕ್ಕೆ ಬೇಕಾದ ಖಾಲಿ ಕುಂಡ ಯಾರ್ಡಿನಿಂದ ಕಳಿಸುತ್ತೇನೆ.

"ನೀವು ಒಪ್ಪಿದ್ರಾ?"

"ಒಪ್ಪದಿದ್ರೆ ನಾಳೆ ಬೇರೆ ಫೋರ್‌ಮನ್ ಬರ್ತಾನೆ ಅಂದ್ರು. ಆಮೇಲೆ ಎರಡು ಸಲ ಕೇಳಿದೆ, ಯಾವಾಗ ತೆಗೆಯುದು ಅಂತ. ನಿನ್ನ ಬಾಯಿಗೆ ಬೀಗ ಹಾಕು ಅಂದ್ರು." ಬನಿಯನ್ ಕೊಡವಿ ಹಗ್ಗಕ್ಕೆ ಹಾಕಿದರು. "ನೀವು ಎಂತ ಬರೀತೀರಿ ಬರೀರಿ. ನೆಟ್ಟದ್ದು ಈ ಕೈಯೇ. ಅಲ್ಲ ಅಂತ ಹೇಳ್ಲಿಕ್ಕೆ ನನಗೆ ಬರುದಿಲ್ಲ."

ಮನೆಗೆ ಬಂದು ಡೈರಿ ತೆಗೆದೆ. ಬೇಕಾದದ್ದೆಲ್ಲ ಅದರಲ್ಲೇ ಇತ್ತು. ಅದೇ ಆರು ಜನ 29ರಂದು ಎಂಟು ಮರ ನೆಟ್ಟಿದ್ದಾರೆ, 1ರಂದು ಮೂವತ್ತೆರಡು. ನಡುವೆ ಮ್ಯಾನೇಜರ್ ಭೇಟಿ. ಟಾರ್ಪಲ್ ಹೊದಿಸಿದ ಪಿಕಪ್ ಮೂರು ದಿನವೂ 7.20ರ ಆಸುಪಾಸಿಗೆ ಬಂದಿದೆ, ಖಾಲಿಯಾಗಿ ಹೋಗಿದೆ. ನರ್ಸರಿಯಿಂದ ಬಂದ ಕುಂಡಗಳೆಲ್ಲ ಹೊಸವು, ರಾಶಿಯಲ್ಲಿದ್ದವು ಮಾಸಿದವು. ಅವುಗಳಲ್ಲಿದ್ದ ಒಣ ಮುಳ್ಳು ಕಾಗದದ ಹೂವಿನದ್ದು. ಬೇವಿಗೆ ಮುಳ್ಳೇ ಇಲ್ಲ, ಗಾಫಿನ ಮುಳ್ಳು ಚಿಕ್ಕದು. ಪದವಿ ಪಡೆದ ನಾನು ಇಷ್ಟನ್ನೂ ನನ್ನ ಕೈಯಿಂದಲೇ ಬರೆದು, ಕೆಳಗೆ 'ಬಹಳ ಸಂತೋಷ' ಎಂದು ಸೇರಿಸಿದ್ದೆ. ಪ್ರಭಾಕರ್ ಮೇಲೆ ಬಂದದ್ದಕ್ಕಿಂತ ಹೆಚ್ಚು ಅಸಹ್ಯ ಆಗ ನನ್ನ ಮೇಲೆ ಬಂತು.

22ರ ಭಾನುವಾರ ಸೈಟ್ ಆಫೀಸಿನಲ್ಲಿ ಮರ್ವಾನ್, ಪ್ರಭಾಕರ್, ಸುಂದರಣ್ಣ, ನಾನು, ನಾಲ್ವರಿದ್ದೆವು. ವರದಿಗೆ ಸಹಿ ಹಾಕಿಲ್ಲ ಎಂದು ಹೇಳಿ ಡೈರಿಯನ್ನೇ ಮೇಜಿನ ಮೇಲೆ ಇಟ್ಟೆ. ಬರಹ ಕನ್ನಡದಲ್ಲಿತ್ತು. ಆ ಕೋಣೆಯಲ್ಲಿ ಅದನ್ನು ಓದಲು ಬಾರದವರು ಮರ್ವಾನ್ ಒಬ್ಬರೇ.

"ಅದು ಹುಡುಗಿಯ ಸ್ವಂತ ಡೈರಿ ಸರ್, ಕೆಲಸದ ದಾಖಲೆ ಅಲ್ಲ. ಬೇಕಾದರೆ ನಾನು ಅನುವಾದ ಮಾಡಿ ಹೇಳುತ್ತೇನೆ" ಎಂದು ಪ್ರಭಾಕರ್ ಕೈ ಚಾಚಿದರು.

ಮರ್ವಾನ್ ಡೈರಿಯನ್ನು ತಮ್ಮ ಕಡೆ ಎಳೆದುಕೊಂಡರು. ಅಂಕಿಗಳನ್ನು ಓದಲು ಅವರಿಗೆ ಅನುವಾದ ಬೇಕಿರಲಿಲ್ಲ. 7, 8, 7, 8ರ ಮೇಲೆ ಬೆರಳಿಟ್ಟರು. ಪುಟ ತಿರುಗಿಸಿ 32ರ ಮೇಲೆ ಬೆರಳಿಟ್ಟರು. "ಅದೇ ಜನವಾ?" ಎಂದು ಕೇಳಿದರು. "ಅದೇ ಆರು ಜನ" ಎಂದೆ. ನಂತರ ಆ ಪುಟವನ್ನು ಒಂದೊಂದೇ ಸಾಲು ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಪಿಕಪ್, ಮಾಸಿದ ಬಣ್ಣ, ಮುಳ್ಳು, ಕೊನೆಯ ಎರಡು ಪದಗಳನ್ನೂ ಬಿಡಲಿಲ್ಲ. ಅಷ್ಟು ಹೊತ್ತಿಗೆ ನನ್ನ ಕಿವಿ ಕಾದು ಹೋಗಿತ್ತು. "ಗುಂಡಿಯೊಳಗೆ ನಾನು ನೋಡಿಲ್ಲ, ಕುಂಡ ಎಣಿಸಿ ಸಹಿ ಹಾಕಿದ್ದೇನೆ. ಆದೇಶ ಫೋರ್‌ಮನ್‌ನದ್ದಲ್ಲ" ಎಂದೆ.

"ಯಾರದ್ದು?"

ನಾನು ಬಾಯಿ ತೆರೆಯುವ ಮೊದಲೇ ಸುಂದರಣ್ಣ ಹಿಂದಿಯಲ್ಲಿ, "ಪಿಕಪ್ ಕಳಿಸಲು ಯಾರ್ಡಿನಲ್ಲಿ ಯಾರ ಸಹಿ ಬೇಕೋ ಅವರದ್ದು" ಎಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮರ್ವಾನ್ ಆ ಮೂರು ದಿನದ ಯಾರ್ಡಿನ ಗೇಟ್‌ಪಾಸ್ ತರಿಸಿದರು. ಮೂರಕ್ಕೂ ಪ್ರಭಾಕರ್ ಸಹಿಯಿತ್ತು, 'ಖಾಲಿ ಕುಂಡ 32' ಎಂಬ ವಿವರದ ಸಮೇತ. ಮೋಸಕ್ಕೂ ಗೇಟ್‌ಪಾಸ್ ಬರೆಸುವಷ್ಟು ಅಚ್ಚುಕಟ್ಟು ನಮ್ಮ ಕಂಪನಿ.

ತೀರ್ಮಾನ ಹೀಗಾಯಿತು. 96 ಮರಗಳನ್ನೂ ಕಂಪನಿ ತನ್ನ ಖರ್ಚಿನಲ್ಲಿ ಎತ್ತಿ, ಕುಂಡ ತೆಗೆದು, ಉಳಿಯುವವನ್ನು ಮತ್ತೆ ನೆಡಬೇಕು, ಸತ್ತವುಗಳ ಬದಲಿಗೆ ಮುಂದಿನ ಅಕ್ಟೋಬರ್‌ನಲ್ಲಿ ಹೊಸದು. ಆ ಕೆಲಸ ಸುಂದರಣ್ಣನ ಕೈಯಲ್ಲೇ ಆಗಬೇಕು ಎಂದು ಮರ್ವಾನ್ ಬರೆಸಿಕೊಂಡರು. ಹಾಗಾಗಿ ಅವರ ವೀಸಾಕ್ಕೆ ಯಾರೂ ಕೈ ಹಚ್ಚಲಿಲ್ಲ. ನನಗೆ ವಾರ್ನಿಂಗ್ ಲೆಟರ್ ಬಂತು, ಅದು ನ್ಯಾಯವೇ. ಪ್ರಭಾಕರ್‌ಗೆ ಅಬುಧಾಬಿ ಶಾಖೆಗೆ ವರ್ಗವಾಯಿತು, ಹುದ್ದೆ ಒಂದು ಮೆಟ್ಟಿಲು ಮೇಲಿನದು. ಬೀಳ್ಕೊಡುಗೆಗೆ ಹಸಿರು ಮರದ ಚಿತ್ರವಿದ್ದ ಕೇಕ್ ತರಿಸಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟೆ ಕೈಗೆ ಬಂದಾಗ ಬೇಡ ಎನ್ನಲು ಧೈರ್ಯ ಸಾಲದೆ ನಾನೂ ಒಂದು ತುಂಡು ತಿಂದೆ.

ಎತ್ತುವ ಕೆಲಸ ಮಾರ್ಚ್ 12ರವರೆಗೆ ನಡೆಯಿತು. ಈ ಸಲ ಪ್ರತಿ ಗುಂಡಿಯಲ್ಲೂ ನಾನೇ ಇಳಿದೆ. 96ರಲ್ಲಿ 41 ಆಗಲೇ ಸತ್ತಿದ್ದವು. ಉಳಿದ 55ನ್ನು ಬೇರು ತೊಳೆದು, ಕೊಳೆತದ್ದನ್ನು ಕತ್ತರಿಸಿ ನೆಟ್ಟೆವು. ಕಾಲ ಮೀರಿತ್ತು. ಅಕ್ಟೋಬರ್‌ಗೆ ಎಣಿಸಿದಾಗ 23 ಬದುಕಿದ್ದವು.

ಆ ದಿನಗಳಲ್ಲಿ ಸುಂದರಣ್ಣ ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದರು. ಅವರ ಕೆಲಸ ಉಳಿಸಿದವಳು ನಾನು ಎಂಬ ಎಣಿಕೆ ನನ್ನೊಳಗೆ ಇತ್ತು. ಒಂದು ಒಳ್ಳೆಯ ಮಾತನ್ನು ಕಾಯುತ್ತಿದ್ದೆ. ಕೊನೆಯ ದಿನ ಮಧ್ಯಾಹ್ನ ಒಂದು ಸತ್ತ ಗಾಫ್‌ನ ಗುಂಡಿಯ ಅಂಚಿನಲ್ಲಿ ಕೂತು ನೀರು ಕುಡಿಯುವಾಗ ನಾನೇ ಕೇಳಿಬಿಟ್ಟೆ: "ನನ್ನ ಮೇಲೆ ಇನ್ನೂ ಸಿಟ್ಟಾ ಸುಂದರಣ್ಣ?"

ಅವರು ಬಾಟಲಿಯ ಮುಚ್ಚಳ ತಿರುಗಿಸಿ ಕೆಳಗಿಟ್ಟರು.

"ಯಾರ್ಡಿನಲ್ಲಿ ಹೊಸ ಕುಂಡವೂ ಇತ್ತು, ಗೊತ್ತುಂಟಾ? ನಾನೇ ಹೇಳಿ ಹಳತು ತರಿಸಿದ್ದು, ಮುಳ್ಳಿನ ಕಡ್ಡಿ ಇದ್ದದ್ದು. ಬಾಯಮ್ಮನಿಗೆ ಕಣ್ಣಿಗೆ ಬಿದ್ದೀತು, ಬಂದು ಗುಂಡಿಗೆ ಬಗ್ಗಿ ನೋಡಿಯಾರು, ನನಗೆ ಬೈದಾರು, ಅಲ್ಲಿಗೆ ಈ ಹೇಸಿಗೆ ನಿಲ್ತದೆ ಅಂತ. ಮೂರು ದಿನ ಕಾದೆ. ನೀವು ಎಣಿಸಿ ಎಣಿಸಿ ಹೋದ್ರಿ."

ಅಷ್ಟು ಹೇಳಿ ಎದ್ದು ಗುದ್ದಲಿ ತೆಗೆದುಕೊಂಡರು.

ಆ ಮೋಸಕ್ಕೆ ಆದೇಶ ಕೊಡಲು ಒಬ್ಬ, ಪಾಲಿಸಲು ಒಬ್ಬ ಸಾಕಾಗುತ್ತಿರಲಿಲ್ಲ. ಸರಿಯಾಗಿ ಎಣಿಸಿ, ಸಾಲು ತಪ್ಪದೆ ಟಿಕ್ ಹಾಕಿ, ನಂಬುವಂಥ ಸಹಿ ಮಾಡುವ ಮೂರನೆಯವಳು ಬೇಕಿತ್ತು. ಒಬ್ಬ ಸೋಮಾರಿ ಸೂಪರ್‌ವೈಸರ್ ಇದ್ದಿದ್ದರೆ ಮರ್ವಾನ್ ನವೆಂಬರ್‌ನಲ್ಲೇ ಅನುಮಾನಿಸಿ ಒಂದು ಮರ ಎತ್ತಿಸುತ್ತಿದ್ದರೇನೋ. ನನ್ನ ರಿಜಿಸ್ಟರಿನ ನೀಟುತನ ಅವರ ಕಣ್ಣು ಕಟ್ಟಿತು. ಈ ಕೆಲಸ ನನಗೆ ಕಲಿಸಿದ ಪಾಠ ಇದು: ಯಾವುದನ್ನು ಎಣಿಸಲು ಸುಲಭವೋ ಅದನ್ನೇ ನಮ್ಮ ಮುಂದೆ ರಾಶಿ ಹಾಕುತ್ತಾರೆ. ನಾನು ಈಗಲೂ ತಾರೀಕು ಬರೆಯುತ್ತೇನೆ, ಲೆಕ್ಕ ಇಡುತ್ತೇನೆ. ಸಹಿಯ ಮೊದಲು ಮಾತ್ರ ಮೊಣಕಾಲೂರಿ ಮರದ ಬುಡದ ಮಣ್ಣಿಗೆ ಕೈ ಹಾಕುತ್ತೇನೆ, ಬೇರು ಬೆರಳಿಗೆ ಸಿಗುವವರೆಗೆ. ಅಷ್ಟು ಹೊತ್ತು ಇನ್‌ಸ್ಪೆಕ್ಷನ್‌ಗೆ ಬಂದವರು ಬಿಸಿಲಲ್ಲಿ ನಿಂತಿರುತ್ತಾರೆ. ನಿಂತಿರಲಿ.